ಬುಧವಾರ ಬಾ, ತಮ್ಮಾ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳಾಯ್ತು, ಪಿಜಿ ತುಂಬಾ ಜನ ಇದ್ದಾರೆ, ಆದರೆ ಮನಸ್ಸು ಬಿಚ್ಚಿ ಮಾತಾಡೋಕೆ ಒಬ್ಬರೂ ಇಲ್ಲ ಅಂದೆ ನೀನು. ಚರ್ಚಿನ ಹುಡುಗ ಹುಡುಗಿಯರು ಶನಿವಾರ ರಾತ್ರಿ ಫುಟ್‌ಪಾತಿನಲ್ಲಿ ಮಲಗುವವರಿಗೆ ಊಟ ಕೊಡೋಕೆ ಹೋಗ್ತಾರೆ, ನಾನೂ ಹೋಗ್ಲಾ ಅಂತ ಕೇಳಿದೆ. ನಾನು "ಹೋಗು" ಅಂದುಬಿಟ್ಟೆ. ಅಷ್ಟು ಹೇಳಿದರೆ ಸಾಲದು ಅಂತ ಆಮೇಲೆ ಅನಿಸಿತು. ಅದಕ್ಕೇ ಈ ಪತ್ರ.

1997ರಲ್ಲಿ ನಾನೂ ನಿನ್ನ ಹಾಗೇ ಹಾಸನದಿಂದ ಬೆಂಗಳೂರಿಗೆ ಹೋದವನು. ಶಿವಾಜಿನಗರದ ಹತ್ತಿರ ಒಂದು ಚಿಕ್ಕ ರೂಮು. ಭಾನುವಾರ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಪೂಜೆ ಮುಗಿಸಿ ಹೊರಗೆ ಬಂದರೆ, ಮುಂದಿನ ಭಾನುವಾರದ ತನಕ ನನ್ನನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಆಗ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರ ಜೊತೆ ಸೇರಿಕೊಂಡೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಈ ಸಭೆ ಶುರು ಮಾಡಿದ ಫ್ರೆಡರಿಕ್ ಓಝಾನಂಗೆ ಆಗ ಬರೀ 20 ವರ್ಷ, ನಿನಗಿಂತ ಚಿಕ್ಕವನು. ಬಡವರನ್ನು ಅವರ ಮನೆಗೇ ಹೋಗಿ ನೋಡಬೇಕು ಅನ್ನುವುದು ಸಭೆಯ ಪದ್ಧತಿ. ಇಬ್ಬಿಬ್ಬರಾಗಿ ಹೋಗುತ್ತೇವೆ. ಆದರೆ ಮನೆಯೇ ಇಲ್ಲದವರನ್ನು ಎಲ್ಲಿಗೆ ಹೋಗಿ ನೋಡೋದು? ನಮ್ಮ ಗುಂಪು ಭಾನುವಾರ ರಾತ್ರಿ ರಸೆಲ್ ಮಾರ್ಕೆಟ್ ಸುತ್ತ ಮುಚ್ಚಿದ ಅಂಗಡಿಗಳ ಶಟರ್ ಮುಂದೆ ಹೋಗುತ್ತಿತ್ತು.

ಮೊದಲ ರಾತ್ರಿ ಇನ್ನೂ ಚೆನ್ನಾಗಿ ನೆನಪಿದೆ. ನಲವತ್ತು ಪೊಟ್ಟಣ ಚಿತ್ರಾನ್ನ. ಬಾಳೆಲೆ, ಅದರ ಮೇಲೆ ಪೇಪರ್, ಮೇಲೊಂದು ರಬ್ಬರ್ ಬ್ಯಾಂಡ್. ಅರ್ಧ ಗಂಟೆಯಲ್ಲಿ ಎಲ್ಲಾ ಕೊಟ್ಟು ಮುಗಿಸಬೇಕು ಅನ್ನುವ ಅವಸರ ನನಗೆ. ಒಬ್ಬ ಹೆಂಗಸಿನ ಕೈಗೆ ಪೊಟ್ಟಣ ಇಟ್ಟು ಮುಂದೆ ಹೆಜ್ಜೆ ಹಾಕಿದೆ. ಹಿಂದಿನಿಂದ ಕರೆದಳು. "ಇವತ್ತು ಇದು ಮೂರನೇ ಪೊಟ್ಟಣ ತಮ್ಮಾ. ಭಾನುವಾರ ಎಲ್ರೂ ಬರ್ತೀರ. ಬುಧವಾರ ಯಾರೂ ಬರಲ್ಲ. ಬುಧವಾರ ಬಾ."

ಬುಧವಾರ ಹೋದೆವು, ನಾನು ಮತ್ತು ನನ್ನ ಜೋಡಿಯವನು. ಅಡುಗೆ ಇರಲಿಲ್ಲ, ಎರಡು ಬನ್ನು ತಗೊಂಡಿದ್ದೆವು. ಗೋಣಿಚೀಲ ಸರಿಸಿ "ಕೂತ್ಕೊಳ್ಳಿ" ಅಂದಳು. ನಿಜ ಹೇಳ್ತೀನಿ, ಅಲ್ಲಿ ಕೂರೋಕೆ ನನಗೆ ಮುಜುಗರ ಆಯ್ತು. ಯಾರಾದರೂ ಗೊತ್ತಿರುವವರು ನೋಡಿದರೆ ಅಂತ. ಕೂತೆ. ಅವಳು ಎದ್ದು ಹೋಗಿ ಮೂಲೆಯ ಅಂಗಡಿಯಿಂದ ಬೈಟು ಟೀ ತಂದಳು, ಮೂರು ಲೋಟಕ್ಕೆ ಹಂಚಿ! ಸೆರಗಿನ ಗಂಟು ಬಿಚ್ಚಿ ತೆಗೆದ ಚಿಲ್ಲರೆಯಲ್ಲಿ ತಂದ ಟೀ. ನಾನು ಜೇಬಿಗೆ ಕೈ ಹಾಕಿದೆ. ಅವಳ ಮುಖ ಗಂಟಾಯ್ತು. "ನಿಮ್ಮನೆಗೆ ಬಂದವರ ಹತ್ರ ದುಡ್ಡು ಇಸ್ಕೊಂತೀರಾ?" ಅಂದಳು. ನನ್ನ ಜೋಡಿಯವನು ಮೊಣಕೈಯಲ್ಲಿ ತಿವಿದ. ಕೈ ಹೊರಗೆ ತೆಗೆದೆ. ಎರಡು ಗುಟುಕಿನ ಟೀ. ಅವತ್ತಿಂದ ಅವಳು ನನಗೆ ಅಕ್ಕ.

ಪುಟ್ಟಿ, ನಿನಗೆ ಹೇಳಬೇಕು ಅಂದುಕೊಂಡದ್ದು ಇದನ್ನೇ. ಕೊಡುವುದು ಸುಲಭ. ಕೊಡುವವನು ನಿಂತಿರುತ್ತಾನೆ, ಇಸ್ಕೊಳ್ಳುವವನು ಕೂತಿರುತ್ತಾನೆ. ಅಲ್ಲಿ ಸ್ನೇಹ ಹುಟ್ಟಲ್ಲ. ಯೇಸುಸ್ವಾಮಿ ಸಮಾರ್ಯದ ಹೆಂಗಸಿನ ಜೊತೆ ಮಾತು ಶುರು ಮಾಡಿದ್ದು ಹೇಗೆ ನೆನಪಿದೆಯಾ? ಬಾವಿಕಟ್ಟೆಯ ಹತ್ತಿರ ಕೂತು, ಕುಡಿಯೋಕೆ ನೀರು ಕೇಳಿದರು. ಬೋಧನೆ ಆಮೇಲೆ. ಊರವರು ದೂರ ಇಟ್ಟಿದ್ದ ಸುಂಕದ ಜಕ್ಕಾಯನಿಗೂ ಅಷ್ಟೇ, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಚಿಕ್ಕಂದಿನಿಂದ ಕೇಳಿದ ಕಥೆಗಳು, ಆದರೆ ಆ ಟೀ ಕುಡಿಯುವ ತನಕ ಅವು ನನಗೆ ತಟ್ಟಿರಲಿಲ್ಲ.

ಬುಧವಾರಗಳಲ್ಲಿ ಅಕ್ಕ ಕಲಿಸಿದ್ದು ಒಂದೆರಡಲ್ಲ. ಚಳಿಗಾಲಕ್ಕೆ ಹೊಸ ಕಂಬಳಿ ತಂದರೆ ಬೇಡ ಅಂದಳು. ಹೊಸದು ಹೊದ್ದರೆ ರಾತ್ರಿ ಯಾರೋ ಕಿತ್ಕೊಂಡು ಹೋಗ್ತಾರೆ, ಹಳೇದಿದ್ರೆ ಕೊಡು ಅಂದಳು. ಸಂಜೆ ಆರರ ಮೇಲೆ ನೀರು ಕುಡಿಯುತ್ತಿರಲಿಲ್ಲ. ಯಾಕೆ ಅಂತ ಗಂಡಸಾದ ನನಗೆ ಹೊಳೆಯಲೇ ಇಲ್ಲ. ರಾತ್ರಿ ಶೌಚಾಲಯಕ್ಕೆ ಬೀಗ ಬೀಳುತ್ತಿತ್ತು, ಕತ್ತಲಲ್ಲಿ ಒಬ್ಬಳೇ ಎಲ್ಲಿಗೆ ಹೋಗೋದು? ತರಕಾರಿ ಗಾಡಿಗಳು ಬರುವ ಮುಂಚೆ ಎದ್ದು ಗಂಟು ಕಟ್ಟಬೇಕು. ನಿದ್ದೆ ಅನ್ನೋದೇ ಇಲ್ಲ. ಮನೆ ಇಲ್ಲದವರ ದೊಡ್ಡ ಕಷ್ಟ ಹಸಿವು ಅಂತ ನಾನು ಅಂದುಕೊಂಡಿದ್ದೆ. ಅಕ್ಕನಿಗೆ ಜಾಸ್ತಿ ಕಷ್ಟ ಕೊಟ್ಟಿದ್ದು ನಿದ್ದೆ ಇಲ್ಲದ್ದು.

ಆ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು, ಜ್ವರ ಏರಿತು. ಇಬ್ಬರು ಆಟೋದವರು ಹತ್ತಿಸಿಕೊಳ್ಳಲಿಲ್ಲ, ಮೂರನೆಯವನು ಬಂದ. ಆಸ್ಪತ್ರೆಯ ಕೌಂಟರಿನಲ್ಲಿ ವಿಳಾಸ ಕೇಳಿದರು. ರಸೆಲ್ ಮಾರ್ಕೆಟ್ ಅಂದೆ. ಮನೆ ನಂಬರ್ ಅಂದರು. ಜೊತೆಗೆ ಯಾರೂ ಇಲ್ಲದಿದ್ದರೆ ಅಡ್ಮಿಟ್ ಮಾಡೋಕೆ ಆಗಲ್ಲ ಅಂದರು. ನಾನಿದ್ದೀನಿ ಅಂದೆ. ಫಾರಂನಲ್ಲಿ 'ಸಂಬಂಧ' ಅಂತ ಒಂದು ಜಾಗ ಇತ್ತು. ಪೆನ್ನು ಹಿಡಿದು ಒಂದು ಕ್ಷಣ ನಿಂತೆ. ಆಮೇಲೆ 'ತಮ್ಮ' ಅಂತ ಬರೆದೆ. ಸುಳ್ಳು ಬರೆದೆ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಆ ಜಾಗದಲ್ಲಿ ಬರೆಯೋಕೆ ಯಾರೂ ಇಲ್ಲದೆ ಹೋದರೆ ಏನಾಗುತ್ತೆ ಅನ್ನೋದು ಎಷ್ಟೋ ವರ್ಷದ ಮೇಲೆ ಮೊದೆಸ್ತಾ ವಲೆಂತಿಯ ಕಥೆ ಓದಿದಾಗ ಗೊತ್ತಾಯ್ತು. ರೋಮ್‌ನ ತೆರ್ಮಿನಿ ರೈಲು ನಿಲ್ದಾಣದ ಹತ್ತಿರ ಬೀದಿಯಲ್ಲೇ ಇದ್ದ ಅಜ್ಜಿ. 1983ರ ಜನವರಿ 31ರಂದು ಅವರಿಗೆ ಹುಷಾರು ತಪ್ಪಿತು. ಆಂಬುಲೆನ್ಸ್ ಬಂತು, ಆದರೆ ಮೈಯಲ್ಲಿ ಹೇನಿದೆ, ಕೊಳಕಾಗಿದ್ದಾರೆ ಅಂತ ಕರೆದುಕೊಂಡು ಹೋಗಲಿಲ್ಲ. ಅಲ್ಲೇ ತೀರಿಕೊಂಡರು. ಆ ಊರಿನಲ್ಲಿ ಸಾಂತ್ ಎಜಿದಿಯೊ ಅನ್ನುವ ಕ್ರೈಸ್ತ ಸಮುದಾಯ ಇದೆ, 1968ರಲ್ಲಿ ಹೈಸ್ಕೂಲು ಹುಡುಗನಾಗಿದ್ದ ಆಂದ್ರೆಯಾ ರಿಕ್ಕಾರ್ದಿ ಗೆಳೆಯರ ಜೊತೆ ಶುರು ಮಾಡಿದ್ದು. ಅವರು ಪ್ರತಿ ವರ್ಷ ಮೊದೆಸ್ತಾರಿಗಾಗಿ ಪ್ರಾರ್ಥನೆ ಮಾಡುತ್ತಾರೆ. ಬೀದಿಯಲ್ಲಿ ಸತ್ತ ಉಳಿದವರ ಹೆಸರನ್ನೂ ಒಂದೊಂದಾಗಿ ಓದುತ್ತಾರೆ. ಈಗ ರೋಮ್‌ನಲ್ಲಿ ಮನೆಯಿಲ್ಲದವರು ಸರ್ಕಾರಿ ಕಾಗದಕ್ಕೆ ಕೊಡುವ ವಿಳಾಸ 'ವಿಯಾ ಮೊದೆಸ್ತಾ ವಲೆಂತಿ', ಅಂದರೆ ಮೊದೆಸ್ತಾ ವಲೆಂತಿ ರಸ್ತೆ. ಅಂಥ ರಸ್ತೆ ಊರಲ್ಲಿ ಎಲ್ಲೂ ಇಲ್ಲ, ಕಾಗದದಲ್ಲಿ ಮಾತ್ರ ಇದೆ. ನಮ್ಮ ಅಕ್ಕನಿಗೆ ಅಂಥದ್ದೊಂದು ಕಾಗದದ ರಸ್ತೆಯಾದರೂ ಇದ್ದಿದ್ದರೆ ರೇಷನ್ ಕಾರ್ಡು ಸಿಗುತ್ತಿತ್ತೇನೋ.

ನಮ್ಮ ದೇಶದಲ್ಲಿ 2011ರ ಜನಗಣತಿ ಲೆಕ್ಕ ಹಾಕಿದಾಗ ಮನೆ ಇಲ್ಲದವರು ಸುಮಾರು 17.7 ಲಕ್ಷ. ಪಟ್ಟಣಗಳಲ್ಲಿ ಪ್ರತಿ ಒಂದು ಲಕ್ಷ ಜನಕ್ಕೆ ಒಂದು ರಾತ್ರಿ ತಂಗುದಾಣ ಇರಬೇಕು, ವರ್ಷವಿಡೀ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಿಮ್ಮ ಗುಂಪಿನವರು ಹತ್ತಿರದ ತಂಗುದಾಣ ಎಲ್ಲಿದೆ, ಹೆಂಗಸರಿಗೆ ಜಾಗ ಇದೆಯಾ ಅಂತ ಮೊದಲೇ ಹೋಗಿ ನೋಡಿಕೊಂಡು ಬರಲಿ. ಊಟದ ಪೊಟ್ಟಣಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಇನ್ನೊಂದು ಮಾತು. ಬೀದಿಯಲ್ಲಿ ಮಲಗಿದವರನ್ನು ಊರೆಲ್ಲಾ "ಏಯ್" ಅನ್ನುತ್ತೆ. ನೀನು ಅಮ್ಮಾ, ಅಣ್ಣಾ, ತಾತ ಅನ್ನು. 'ನೀವು' ಅಂತಲೇ ಮಾತಾಡಿಸು, ಅವರಾಗಿ ಸಲಿಗೆ ಕೊಡುವ ತನಕ. ಫೋಟೋ ತೆಗೆಯಬೇಡ. ಧರ್ಮದ ಮಾತು ನೀನಾಗಿ ಎತ್ತಬೇಡ. ಅಕ್ಕ ಎಲ್ಲಮ್ಮನ ಒಕ್ಕಲು, ನಾನು ನೋಡಿದಷ್ಟು ದಿನವೂ ಹಾಗೇ ಇದ್ದಳು. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ ಮಾತ್ರ ನನ್ನ ಜೊತೆ ಬಂದು ಮೇಣದ ಬತ್ತಿ ಹಚ್ಚುತ್ತಿದ್ದಳು. ಅವಳ ಹೆಸರು ನನಗೆ ಹೇಳಿದ್ದು ನಾಲ್ಕು ತಿಂಗಳಾದ ಮೇಲೆ. ಅದನ್ನು ಇಲ್ಲಿ ಬರೆಯಲ್ಲ, ಊರಿಗೆ ಬಂದಾಗ ನಿನಗೆ ಬಾಯಲ್ಲಿ ಹೇಳ್ತೀನಿ.

1999ರಲ್ಲಿ ಒಂದು ಬುಧವಾರ ಆ ಶಟರ್ ಮುಂದೆ ಅವಳಿರಲಿಲ್ಲ. ಆಸ್ಪತ್ರೆಗಳಲ್ಲಿ ಕೇಳಿದೆವು, ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆವು. ಗೋಣಿಚೀಲವೂ ಇರಲಿಲ್ಲ. ಊರಿಗೆ ಹೋದಳೋ, ಏನಾಯ್ತೋ, ಇವತ್ತಿಗೂ ಗೊತ್ತಿಲ್ಲ. ಈಗಲೂ ಶಿವಾಜಿನಗರಕ್ಕೆ ಬಂದರೆ ನನ್ನ ಕಣ್ಣು ತಾನಾಗಿ ಆ ಕಡೆ ಹೋಗುತ್ತೆ.

ಅವತ್ತು ನನ್ನ ಜೊತೆ ಹುಡುಕಿದ, ಮೊಣಕೈಯಲ್ಲಿ ತಿವಿದ ಆ ಜೋಡಿಯವನು ಯಾರು ಗೊತ್ತಾ? ನಿನ್ನ ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತಿದ್ದ ಮಾಮ. ಚಿತ್ರಾನ್ನದ ಹಂಡೆ ಇಬ್ಬರೂ ಸೇರಿ ಉಜ್ಜುತ್ತಾ ಉಜ್ಜುತ್ತಾ ಬೆಳೆದ ಸ್ನೇಹ ನಮ್ಮದು. ನೀನೂ ಊಟ ಹಂಚುವವರ ಸಾಲಿಗೆ ಮಾತ್ರ ಹೋಗಬೇಡ. ಮುಗಿದ ಮೇಲೆ ಪಾತ್ರೆ ತೊಳೆಯೋಕೆ ಯಾರು ಉಳೀತಾರೋ ಅವರ ಹತ್ತಿರ ಹೋಗು.

ಮನೆಯಲ್ಲಿದ್ದ ಮೂರು ಹಳೆಯ ಕಂಬಳಿ ಅಮ್ಮ ಒಗೆದು ಒಣಗಿಸಿಟ್ಟಿದ್ದಾಳೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಹಾಕ್ತೀನಿ. ಶನಿವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿಕೋ. ಒಂದಕ್ಕೆ ಅಂಚು ಸ್ವಲ್ಪ ಹರಿದಿದೆ, ಹೊಲಿಯೋಕೆ ಹೋಗಬೇಡ, ಹಾಗೇ ಇರಲಿ.

ಪ್ರೀತಿಯಿಂದ,
ಅಪ್ಪ