ಹೋರಾಟದ ಹಾಡಿಗೆ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಧರಣಿಗಳಲ್ಲಿ ಓದುವ ಕವಿತೆಗಳು ಈಚೆಗೆ ‘ವ್ಯವಸ್ಥೆ’ಯನ್ನು ಬೈಯುವುದರಲ್ಲೇ ಮುಗಿದುಹೋಗುತ್ತಿವೆ. ಹಾಗೆ ಬೈದರೆ ಯಾರಿಗೂ ತಾಗುವುದಿಲ್ಲ. ಆಳುವವರಲ್ಲಿ ನಮ್ಮವರೂ ಇರಬೇಕು ಎಂದು ಕೇಳುವ ಹಾಡಿನಲ್ಲಿ ಎಷ್ಟು ಸ್ಥಾನ, ಯಾರಿಗೆ, ಕೊಡಬೇಕಾದವರು ಯಾರು ಎಂಬುದು ಇರಲೇಬೇಕು.

ಹಾಸನ ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳಲ್ಲಿ 2023ರಲ್ಲಿ ಗೆದ್ದವರೆಲ್ಲ ಗಂಡಸರೇ. ಗ್ರಾಮ ಪಂಚಾಯಿತಿಗಳಲ್ಲಾದರೋ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಇದನ್ನು ‘ಪ್ರಾತಿನಿಧ್ಯರಹಿತ ಪ್ರಜಾಪ್ರಭುತ್ವಕ್ಕೆ ಧಿಕ್ಕಾರ’ ಎಂದು ಬರೆದರೆ ಮೈಕಿನಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ, ಎರಡನೇ ಸಲಕ್ಕೆ ಜನ ಸುಮ್ಮನಾಗುತ್ತಾರೆ. ‘ಏಳು ಕುರ್ಚಿ, ಒಬ್ಬಳಿಲ್ಲ’ ಎಂದು ನೋಡಿ. ಮೂರು ಮಾತ್ರೆಯ ನಾಲ್ಕು ಗಣ, ಗಣಕ್ಕೊಂದು ತಮಟೆ ಏಟು. ಪಲ್ಲವಿ ಎರಡೇ ಸಾಲು ಸಾಕು. ಒಬ್ಬರು ಹೇಳಿಕೊಟ್ಟದ್ದನ್ನು ಗುಂಪು ತಿರುಗಿ ಹೇಳಬೇಕಾದ್ದರಿಂದ ಒಂದು ಉಸಿರಿಗೆ ನಾಲ್ಕೈದು ಪದಕ್ಕಿಂತ ಹೆಚ್ಚು ಹಿಡಿಯದು. ದಲಿತ ಚಳವಳಿಯಲ್ಲಿ ಸಿದ್ದಲಿಂಗಯ್ಯನವರ ಹಾಡುಗಳು ಓದು ಬಾರದವರ ಬಾಯಲ್ಲೂ ನಿಂತದ್ದು ಮಾತು ಸರಳ, ಲಯ ಗಟ್ಟಿ ಇದ್ದದ್ದರಿಂದ. ಚೀಟಿ ನೋಡಿಕೊಂಡು ಹಾಡುವವರ ಹಿಂದೆ ಯಾರೂ ದನಿಗೂಡಿಸುವುದಿಲ್ಲ.

ಸಕಲೇಶಪುರದ ಮಳೆಯಲ್ಲಿ ತಮಟೆಯ ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ಏಟಿಗೆ ನಾದವೇ ಏಳುವುದಿಲ್ಲ. ಅದನ್ನು ಕಾಯಿಸಲು ಉರಿ ಬೇಕು, ಒಣಹುಲ್ಲು ಇಲ್ಲದಿದ್ದರೆ ಹಳೇ ರಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಉರಿಯ ಮೇಲೆ ತಮಟೆಯನ್ನು ತಿರುಗಿಸುತ್ತಲೇ ಕಾಯಿಸಬೇಕು. ಒಂದೇ ಕಡೆ ಹಿಡಿದರೆ ಚರ್ಮ ಸುಟ್ಟು ಸೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಜಾಗದ್ದು, ಹೊತ್ತಿನದು. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲೇ ಆಯಿತು. ಆದರೆ ಅದನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಗಂಟು ಹಾಕಿದರು. ಅದು ಜಾರಿಯಾಗುವವರೆಗೆ ಮಹಿಳೆಯರಿಗೆ ಟಿಕೆಟ್ ಕೊಡುವುದು, ಬಿಡುವುದು ಪಕ್ಷದವರ ಕೈಯಲ್ಲೇ. ನಾವು ಹಾಡುವುದು ಮಾತ್ರ ತಾಲ್ಲೂಕು ಕಚೇರಿಯ ಮುಂದೆ! ತಹಶೀಲ್ದಾರರು ಟಿಕೆಟ್ ಹಂಚುವುದಿಲ್ಲ. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಚುನಾವಣಾಧಿಕಾರಿಯ ಕೈಸೇರಲು ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೇ ಗಡುವು. ಆಮೇಲಿನ ಹಾಡು ಆ ಚುನಾವಣೆಯ ಮಟ್ಟಿಗೆ ತಡವಾದದ್ದೇ. ಪಟ್ಟಿ ತಯಾರಾಗುವ ಮೊದಲೇ, ತಿಂಗಳುಗಟ್ಟಲೆ ಮುಂಚೆ, ಎಲ್ಲ ಪಕ್ಷಗಳ ಜಿಲ್ಲಾ ಕಚೇರಿಗಳ ಮುಂದೆ ಹಾಡಬೇಕು.

ಹಾಡಿನ ಕೊನೇ ಚರಣದ ಬೇಡಿಕೆಯೇ ಮನವಿ ಪತ್ರದ ಮೊದಲ ಬೇಡಿಕೆಯೂ ಆಗಿರಲಿ. ಹಾಡಿನಲ್ಲಿ ಟಿಕೆಟ್, ಮನವಿಯಲ್ಲಿ ರಸ್ತೆ, ಚರಂಡಿ ಎಂದಿದ್ದರೆ ಅವರು ಚರಂಡಿಗೆ ಒಪ್ಪಿ ನಮ್ಮನ್ನು ಸಾಗಹಾಕುತ್ತಾರೆ.

– ಹೋರಾಟದ ಹಾಡುಗಾರರು, ಹಾಸನ