ಪಂಪ್ ಬಿಚ್ಚುವ ಮೊದಲು ಸೊಲೆನಾಯ್ಡ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುನ್ನ ನಮ್ಮ ಊರುಗಳಲ್ಲಿ ಚರಂಡಿ, ರಾಜಕಾಲುವೆಗಳ ಹೂಳೆತ್ತಲು ಬಾಡಿಗೆಗೆ ಬರುವ ಯಂತ್ರಗಳಲ್ಲಿ ಜನ ಬಾಬ್‌ಕ್ಯಾಟ್ ಎಂದೇ ಕರೆಯುವ ಸ್ಕಿಡ್ ಸ್ಟೀರ್ ಲೋಡರ್ ಕೂಡ ಒಂದು. ಈ ಯಂತ್ರ ಕೆಲಸದ ನಡುವೆ ನಿಂತು, ‘ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ’ ಎಂಬ ದೂರು ಬಂದರೆ ಬಹಳ ಕಡೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸುತ್ತಾರೆ, ಆಮೇಲೆ ಏರ್ ತೆಗೆಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪನ್ನೇ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸುತ್ತಾರೆ. ಪಂಪಿನ ಸೀಲ್ ಒಡೆಯುತ್ತದೆ, ಯಂತ್ರ ವಾರಗಟ್ಟಲೆ ಮೂಲೆ ಸೇರುತ್ತದೆ, ಕೊನೆಗೆ ದೋಷ ಪಂಪಿನಲ್ಲಿ ಇರಲೇ ಇಲ್ಲ ಎಂದು ತಿಳಿಯುತ್ತದೆ. ಡೀಸೆಲ್ ಯಂತ್ರಗಳ ದುರಸ್ತಿಯನ್ನೇ ಕಸುಬಾಗಿ ನಂಬಿರುವ ನನ್ನ ಕೋರಿಕೆ ಇಷ್ಟೆ: ಪಂಪಿಗೆ ಸ್ಪ್ಯಾನರ್ ಹಾಕುವ ಮೊದಲು ಅದರ ಪಕ್ಕದಲ್ಲೇ ಕುಳಿತಿರುವ ಫ್ಯುಯೆಲ್ ಶಟ್-ಆಫ್ ಸೊಲೆನಾಯ್ಡನ್ನು, ಅಂದರೆ ಡೀಸೆಲ್ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಭಾಗವನ್ನು, ಮೀಟರ್ ಹಿಡಿದು ಪರೀಕ್ಷಿಸಬೇಕು, ಅದು ಕೆಟ್ಟಿದ್ದರೆ ಬೈಂಡಿಂಗ್ ವೈರಿನಿಂದ ಪಂಪಿನ ಲಿವರ್ ಕಟ್ಟಿ ಯಂತ್ರ ಓಡಿಸುವ ಚಾಳಿಯನ್ನು ಮಾಲೀಕರೂ ಮೆಕ್ಯಾನಿಕ್‌ಗಳೂ ಬಿಡಬೇಕು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಾದ್ದರಿಂದ ಬರೀ ಕೀ ಆಫ್ ಮಾಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಡೀಸೆಲ್ ಹರಿವು ಕಡಿಯಬೇಕು. ಮೆಕ್ಯಾನಿಕಲ್ ಪಂಪ್ ಇರುವ ಯಂತ್ರಗಳಲ್ಲಿ ಈ ಕೆಲಸ ಸೊಲೆನಾಯ್ಡಿನದು. ಬಹುಪಾಲು ಲೋಡರ್‌ಗಳಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಅದರ ಪ್ಲಂಜರ್, ಅಂದರೆ ಪಂಪಿನ ಲಿವರಿಗೆ ಜೋಡಿಸಿದ ಕಬ್ಬಿಣದ ಕಡ್ಡಿ, ಒಳಗೆ ಎಳೆದುಕೊಂಡು ಡೀಸೆಲ್ ದಾರಿಯನ್ನು ತೆರೆದಿಟ್ಟಿರುತ್ತದೆ. ಕರೆಂಟ್ ಹೋದೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಇಂಜಿನ್ ನಿಲ್ಲಿಸುತ್ತದೆ. ಮೂರು ವೈರಿನ ಸೊಲೆನಾಯ್ಡಿನಲ್ಲಿ ಎರಡು ತಂತಿ ಸುರುಳಿಗಳು, ಅಂದರೆ ಕಾಯಿಲ್‌ಗಳಿರುತ್ತವೆ. ಪುಲ್ ಕಾಯಿಲ್ ಹತ್ತಾರು ಆಂಪಿಯರ್ ಕರೆಂಟ್ ತೆಗೆದುಕೊಂಡು ಪ್ಲಂಜರನ್ನು ಒಂದೇ ಏಟಿಗೆ ಎಳೆಯುತ್ತದೆ, ಹೋಲ್ಡ್ ಕಾಯಿಲ್ ಸುಮಾರು ಒಂದು ಆಂಪಿಯರಿನಲ್ಲಿ ಅದನ್ನು ಹಿಡಿದಿಡುತ್ತದೆ. ಪುಲ್ ಕಾಯಿಲ್‌ಗೆ ಕರೆಂಟ್ ಸಿಗಬೇಕಾದದ್ದು ಕ್ಷಣಮಾತ್ರ. ಟೈಮರ್ ಕೆಟ್ಟೋ ರಿಲೇ ಅಂಟಿಕೊಂಡೋ ಕರೆಂಟ್ ಹರಿಯುತ್ತಲೇ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. ಆ ಕಾರಣ ಹುಡುಕದೆ ಹೊಸ ಸೊಲೆನಾಯ್ಡ್ ಹಾಕಿದವರು ಅದನ್ನೂ ಸುಟ್ಟುಕೊಳ್ಳುತ್ತಾರೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಬಕೆಟ್ ಎತ್ತುವ ಲಿಫ್ಟ್ ಆರ್ಮ್ ಪೂರ್ತಿ ಕೆಳಗಿಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಸೆಲ್ಫ್ ಹೊಡೆಯದೆ ಕೀಯನ್ನು ಆನ್‌ನಲ್ಲಿಟ್ಟು ಪ್ಲಂಜರನ್ನು ಕೈಯಿಂದ ಪೂರ್ತಿ ಒಳಕ್ಕೆ ಒತ್ತಿ ಬಿಡಬೇಕು. ಅದು ಅಲ್ಲೇ ನಿಂತರೆ ಹೋಲ್ಡ್ ಕಾಯಿಲ್, ಅದರ ಫ್ಯೂಸ್, ಅರ್ಥ್ ಎಲ್ಲವೂ ಸರಿ ಇವೆ, ದೋಷವನ್ನು ಮೊದಲು ಎಳೆಯುವ ಸರ್ಕ್ಯೂಟಿನಲ್ಲಿ ಹುಡುಕಬೇಕು. ಬಿಟ್ಟ ಕೂಡಲೇ ಹೊರಗೆ ಚಿಮ್ಮಿದರೆ ಹಿಡಿದಿಡುವ ಸರ್ಕ್ಯೂಟಿನಲ್ಲೇ ಹುಡುಕಬೇಕು. ಕೀ ಸ್ಟಾರ್ಟ್‌ನಲ್ಲಿರುವಷ್ಟು ಹೊತ್ತು ಇಂಜಿನ್ ಓಡಿ, ಕೈ ಬಿಟ್ಟೊಡನೆ ಆರಿಹೋಗುವ ಯಂತ್ರಕ್ಕೂ ಇದೇ ಮಾತು. ಬರಿಗೈಯ ಈ ಪರೀಕ್ಷೆಯೊಂದೇ ಅರ್ಧ ಕೆಲಸ ಮುಗಿಸುತ್ತದೆ. ಆದರೂ ಇದನ್ನು ಮಾಡಿ ನೋಡಿದ ಮೇಲೆ ಯಂತ್ರ ತಂದವರನ್ನು ನಾನು ಕಂಡದ್ದು ಬಹಳ ಅಪರೂಪ.

ಉಳಿದರ್ಧ ಕೆಲಸಕ್ಕೆ ಮೀಟರ್ ಬೇಕು, ಜೊತೆಗೆ ಕೀ ತಿರುಗಿಸಲು ಇನ್ನೊಬ್ಬರು ಬೇಕು. ಸೆಲ್ಫ್ ಹೊಡೆಯುವಾಗ ಪುಲ್ ವೈರಿನಲ್ಲಿ, ಅಂದರೆ ಸಾಮಾನ್ಯವಾಗಿ ಬಿಳಿ ವೈರಿನಲ್ಲಿ, ಎಷ್ಟು ವೋಲ್ಟ್ ಬರುತ್ತದೆ ಎಂದು ನೋಡಬೇಕು. ಕನೆಕ್ಟರ್ ಕಳಚಿ ಅಳೆದರೆ 12 ವೋಲ್ಟ್ ತೋರಿಸುವ ವೈರು, ಸೊಲೆನಾಯ್ಡ್ ಜೋಡಿಸಿದೊಡನೆ ಅದರ ಅರ್ಧಕ್ಕೆ ಕುಸಿಯುವುದುಂಟು. ಹೊರೆ ಬಿದ್ದಾಗ ಸುಟ್ಟ ರಿಲೇ ಕಾಂಟ್ಯಾಕ್ಟಿನ, ಹಸಿರು ಕಿಲುಬು ಹಿಡಿದ ಪಿನ್ನಿನ ಬಣ್ಣ ಬಯಲಾಗುತ್ತದೆ. ಬ್ಯಾಟರಿ ಸೊರಗಿದ್ದರೆ ಸೆಲ್ಫ್ ತಿರುಗಿದರೂ ಪ್ಲಂಜರ್ ಎಳೆಯದೆ ಹೋಗಬಹುದು. ಪುಲ್ ಕಾಯಿಲಿನ ರೆಸಿಸ್ಟೆನ್ಸ್ ಒಂದು ಓಮಿಗಿಂತಲೂ ಕಡಿಮೆ ಇರುವುದು ಸಹಜವಾದರೂ, ಮೀಟರ್ ಸೊನ್ನೆಯ ಹತ್ತಿರ ನಿಂತದ್ದನ್ನು ನೋಡಿ ‘ಶಾರ್ಟ್ ಆಗಿದೆ’ ಎಂದು ಒಳ್ಳೆಯ ಸೊಲೆನಾಯ್ಡನ್ನು ಗುಜರಿಗೆ ಎಸೆಯುವವರಿದ್ದಾರೆ. ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಆಗ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಬೇಕು.

ವಿದ್ಯುತ್ತೆಲ್ಲ ಸರಿಯಿದ್ದೂ ದೋಷ ಉಳಿದರೆ ಪ್ಲಂಜರನ್ನು ಪಂಪಿನ ಲಿವರಿಗೆ ಜೋಡಿಸುವ ಲಿಂಕೇಜ್ ನೋಡಬೇಕು. ಪ್ಲಂಜರ್ ತಳ ಮುಟ್ಟುವ ಮೊದಲೇ ಪಂಪಿನ ಲಿವರ್ ತನ್ನ ಸ್ಟಾಪರಿಗೆ ತಾಗಿದರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಅಷ್ಟು ಸಂದಿದ್ದರೂ ಹೋಲ್ಡ್ ಕಾಯಿಲಿಗೆ ಹಿಡಿದಿಡುವ ಬಲ ಸಾಲದೆ ಹಳ್ಳ ಹಾರಿದೊಡನೆ ಇಂಜಿನ್ ಆರುತ್ತದೆ. ಅಂಗಡಿಯಲ್ಲಿ ದೊಡ್ಡ ಅಗೆಯುವ ಯಂತ್ರಗಳ 24 ವೋಲ್ಟ್ ಸೊಲೆನಾಯ್ಡ್ ಇದೇ ಆಕಾರದಲ್ಲಿ ಸಿಗುವುದರಿಂದ ಕೊಳ್ಳುವಾಗ ಅದರ ಮೇಲೆ ಬರೆದಿರುವ ವೋಲ್ಟನ್ನು ಓದಿಕೊಳ್ಳುವುದು ಒಳ್ಳೆಯದು.

ಇಷ್ಟನ್ನು ಪತ್ರಿಕೆಗೆ ಬರೆಯಬೇಕಾಗಿ ಬಂದದ್ದು ಬೈಂಡಿಂಗ್ ವೈರಿನ ಕಾರಣಕ್ಕೆ. ಲಿವರನ್ನು ತಂತಿಯಿಂದ ಬಿಗಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ದಿನದ ಬಾಡಿಗೆ ಕೈಸೇರುತ್ತದೆ, ಆದರೆ ಕೀಯಿಂದ ಇಂಜಿನ್ ನಿಲ್ಲುವುದಿಲ್ಲ. ಆಯಿಲ್ ಒತ್ತಡ ಇಳಿದಾಗ, ಇಂಜಿನ್ ಅತಿಯಾಗಿ ಕಾದಾಗ ಹಲವು ಮಾದರಿಗಳು ಇದೇ ಸೊಲೆನಾಯ್ಡಿನ ಕರೆಂಟ್ ಕಡಿದು ಇಂಜಿನ್ ಉಳಿಸುತ್ತವೆ; ತಂತಿ ಬಿಗಿದ ಯಂತ್ರದಲ್ಲಿ ಆ ರಕ್ಷಣೆಯೂ ಸತ್ತಂತೆ. ಈ ಯಂತ್ರದ ಇಂಜಿನ್ ಇರುವುದು ಹಿಂಭಾಗದಲ್ಲಿ, ಬಹುಪಾಲು ಮಾದರಿಗಳಲ್ಲಿ ಚಾಲಕ ಹತ್ತಿ ಇಳಿಯುವುದು ಮುಂಭಾಗದಿಂದ, ಅದೂ ಲಿಫ್ಟ್ ಆರ್ಮ್‌ಗಳ ನಡುವಿನಿಂದ. ನಿಲ್ಲಿಸಲೇಬೇಕಾದ ಗಳಿಗೆಯಲ್ಲಿ ಆತ ಓಡುತ್ತಿರುವ ಯಂತ್ರದಿಂದ ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು, ತಿರುಗುವ ಫ್ಯಾನಿನ ಪಕ್ಕ ಕೈ ಹಾಕಿ ತಂತಿ ಬಿಚ್ಚಬೇಕು. ಬಂದರಿನಲ್ಲಿ ಗೊಬ್ಬರ, ಕಲ್ಲಿದ್ದಲು ತಂದ ಹಡಗಿನ ಹೊಟ್ಟೆಯೊಳಕ್ಕೆ, ಮೂಲೆಯ ಸರಕನ್ನು ಒಟ್ಟುಮಾಡಲೆಂದು ಇಂಥ ಲೋಡರುಗಳನ್ನು ಕ್ರೇನಿನಲ್ಲಿ ಇಳಿಸುವುದುಂಟು. ಗಾಳಿ ಕಡಿಮೆ, ಹೊಗೆ ಹೆಚ್ಚು, ಸುತ್ತಲೂ ಕೂಲಿಯಾಳುಗಳಿರುವ ಅಂಥ ಜಾಗದಲ್ಲಿ ಕೀಗೆ ಬಗ್ಗದ ಇಂಜಿನ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

1957ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕೆಲ್ಲರ್ ಸಹೋದರರು ಈ ಯಂತ್ರದ ಮೊದಲ ರೂಪವನ್ನು ಕಟ್ಟಿದ್ದೇ ಟರ್ಕಿ ಕೋಳಿಗಳ ಇಕ್ಕಟ್ಟಾದ ಕೊಟ್ಟಿಗೆಯ ಗೊಬ್ಬರ ಬಾಚಲು. ಇಕ್ಕಟ್ಟಿನಲ್ಲಿ ದುಡಿಯಲೆಂದೇ ಹುಟ್ಟಿದ ಯಂತ್ರದ ಒಳಗೂ ಇಕ್ಕಟ್ಟೇ. ಬಿಸಿ, ದೂಳು, ತೊಳೆಯುವಾಗಿನ ಪ್ರೆಷರ್ ನೀರು ಎಲ್ಲವೂ ಸೊಲೆನಾಯ್ಡಿನ ರಬ್ಬರ್ ಹೊದಿಕೆಯ, ಅಂದರೆ ಬೂಟಿನ ಮೇಲೇ ಬೀಳುತ್ತವೆ. ಕರಾವಳಿಯಲ್ಲಿ ಉಪ್ಪುಗಾಳಿಯ ಕಾಟ ಬೇರೆ. ಬೂಟ್ ಹರಿದಿದ್ದರೆ ಅದೇ ದಿನ ಬದಲಿಸುವುದು, ಕನೆಕ್ಟರಿಗೆ ನೀರು ಹಾಯಿಸದಿರುವುದು, ಇವು ಖರ್ಚಿನ ಬಾಬತ್ತುಗಳೇ ಅಲ್ಲ.

2021ರ ಏಪ್ರಿಲ್‌ನಲ್ಲಿ ನಿರ್ಮಾಣ ಯಂತ್ರಗಳಿಗೆ ಬಿಎಸ್ 4 ಹಂತದ ಹೊಗೆ ನಿಯಮ ಬಂದ ಮೇಲೆ ಕಂಪ್ಯೂಟರ್ ನಿಯಂತ್ರಿತ ಇಂಜಿನ್‌ಗಳು ಹೆಚ್ಚುತ್ತಿವೆ ನಿಜ. ಆದರೆ ಬಾಡಿಗೆಗೆ ದುಡಿಯುವ ಹಳೆಯ ಯಂತ್ರಗಳು ಇನ್ನೂ ಬಹುಕಾಲ ಓಡಲಿವೆ. ಐಟಿಐಗಳ ಮೆಕ್ಯಾನಿಕ್ ಡೀಸೆಲ್ ವಿಭಾಗದ ವಿದ್ಯಾರ್ಥಿಗಳಿಗೆ ಪಂಪ್ ಬಿಚ್ಚಿ ಜೋಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಹೊರೆಯ ಮೇಲೆ ವೋಲ್ಟೇಜ್ ಅಳೆಯುವುದನ್ನೂ ಕಲಿಸಬೇಕು. ನಗರಸಭೆ, ಪಾಲಿಕೆಗಳು ಹೂಳೆತ್ತುವ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಯಂತ್ರ ಸ್ಥಳಕ್ಕೆ ಬಂದಾಗ ಎಂಜಿನಿಯರ್ ಎದುರಿಗೇ ಕೀ ಆಫ್ ಮಾಡಿ ತೋರಿಸಬೇಕು, ಇಂಜಿನ್ ನಿಲ್ಲದಿದ್ದರೆ ಆ ಯಂತ್ರವನ್ನು ಚರಂಡಿಗೆ ಇಳಿಸದೆ ವಾಪಸು ಕಳುಹಿಸಬೇಕು.

ಇಂತಿ,
ಡೀಸೆಲ್ ಯಂತ್ರಗಳ ಮೆಕ್ಯಾನಿಕ್, ಮಂಗಳೂರು