‘ಆ ಏರಿಯಾ ಹುಡುಗ್ರೇ ಹಂಗೆ’ ಅನ್ನೋ ಮುಂಚೆ

ಸಂಪಾದಕರೇ,

ಹೋದ ತಿಂಗಳು ನಮ್ಮ ಬಡಾವಣೇಲಿ ಬೈಕ್ ಕದ್ದು ಸಿಕ್ಕಿಬಿದ್ದ ಇಬ್ರಲ್ಲಿ ಒಬ್ಬ ನಾನು ಏಳನೇ ಕ್ಲಾಸಿಗೆ ಪಾಠ ಮಾಡಿದ ಹುಡುಗ. ಕೇಳಿದೋರೆಲ್ಲ ‘ಆ ಏರಿಯಾ ಹುಡುಗ್ರೇ ಹಂಗೆ ಬಿಡಿ ಮೇಡಂ’ ಅಂದ್ರು, ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಒಂಬತ್ತನೇ ಕ್ಲಾಸಲ್ಲಿ ಅವ್ನು ಎರಡು ತಿಂಗಳು ಸ್ಕೂಲಿಗೇ ಹೋಗಿರ್ಲಿಲ್ಲ, ಅವ್ರಮ್ಮ ಬೆಳಿಗ್ಗೆ ಐದಕ್ಕೇ ಹೂವಿನ ಮಾರ್ಕೆಟ್ಟಿಗೆ ಹೊರಡೋರು, ಅವ್ರಿಗೆ ಗೊತ್ತೇ ಇಲ್ಲ, ದಿನಾ ಆಬ್ಸೆಂಟ್ ಹಾಕಿದೋರು ಒಬ್ರೂ ಮನೆ ಬಾಗಿಲಿಗೆ ಹೋಗಿ ಕೇಳ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ 14 ವರ್ಷ ಆಗೋವರೆಗೆ ಮಾತ್ರ, ಹುಡುಗ್ರು ಕೈತಪ್ಪೋದೂ ಅದೇ ವಯಸ್ಸಲ್ಲಿ.

ಏರಿಯಾದ್ದು ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರ್ದು ಅಂತ 2003ರಲ್ಲೇ ಕಾನೂನು ಬಂದಿದೆ, ಇಲ್ಲಿ ಕಾಂಪೌಂಡಿಗೇ ಅಂಟ್ಕೊಂಡು ಗುಟ್ಕಾ ಅಂಗಡಿ. ಸಂಜೆ ಆಡೋಣ ಅಂದ್ರೆ ಮೈದಾನಕ್ಕೆ ಬೀಗ, ಮತ್ತೆ ಹುಡುಗ್ರು ನಿಲ್ಲೋದೆಲ್ಲಿ, ಆ ಅಂಗಡಿ ಮುಂದೇನೇ.

ಆದ್ರೆ ಲಂಡನ್ನಿನಲ್ಲಿ ಮೈಕಲ್ ರಟರ್ ಅನ್ನೋ ಮಕ್ಕಳ ಮನೋವೈದ್ಯರು 12 ಹೈಸ್ಕೂಲುಗಳನ್ನ ವರ್ಷಗಟ್ಲೆ ನೋಡಿ 1979ರಲ್ಲಿ ಪುಸ್ತಕ ಬರೆದ್ರು. ಹೆಚ್ಚುಕಮ್ಮಿ ಒಂದೇ ಥರದ ಮನೆಗಳಿಂದ ಬಂದ ಮಕ್ಳೇ ಒಂದು ಶಾಲೇಲಿ ಹೆಚ್ಚು ದಾರಿ ತಪ್ತಾರೆ, ಇನ್ನೊಂದ್ರಲ್ಲಿ ಕಮ್ಮಿ. ಕಟ್ಟಡ ಹಳೇದೋ ಹೊಸದೋ ಅದು ಲೆಕ್ಕಕ್ಕೇ ಬರ್ಲಿಲ್ಲ, ಮೇಷ್ಟ್ರು ಮಕ್ಕಳನ್ನ ಹೊಗಳ್ತಾರಾ, ಜವಾಬ್ದಾರಿ ಕೊಡ್ತಾರಾ, ಹೋಮ್‌ವರ್ಕ್ ನೋಡ್ತಾರಾ ಅನ್ನೋದೇ ಮುಖ್ಯ ಆಯ್ತು. ಅದ್ರ ಜೊತೆಗೆ ಕ್ಲಾಸಲ್ಲಿ ಚೆನ್ನಾಗಿ ಓದೋ ಮಕ್ಳೂ ಒಂದಷ್ಟು ಇರ್ಬೇಕು, ಹಿಂದೆ ಬಿದ್ದೋರೇ ತುಂಬಿದ್ರೆ ತೊಂದ್ರೆ ಜಾಸ್ತಿ. ಇದನ್ನ ಓದಿದಾಗ ನಮ್ಮ ಬೀದಿಯೇ ಕಣ್ಮುಂದೆ ಬಂತು, ಅನುಕೂಲ ಇರೋರ ಮಕ್ಳೆಲ್ಲ ಬೆಳಿಗ್ಗೆ ವ್ಯಾನ್ ಹತ್ತಿ ದೂರದ ಸ್ಕೂಲಿಗೆ ಹೋಗ್ತಾರೆ, ನನ್ನ ಮೊಮ್ಮಗನೂ ಹೋಗ್ತಾನೆ, ಪಕ್ಕದ ಶಾಲೇಲಿ ಉಳಿಯೋರು ಯಾರೂ ಕೇಳೋರಿಲ್ಲದ ಮಕ್ಳು, ಆಮೇಲೆ ಆ ಶಾಲೆಗೂ ಏರಿಯಾಗೂ ಹೆಸರಿಡೋರು ನಾವೇ.

ಒಂಬತ್ತು ಹತ್ತನೇ ಕ್ಲಾಸಿನ ಮಗು ಮೂರು ದಿನ ಬರದಿದ್ರೆ ಮೇಷ್ಟ್ರೋ ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರೋ ಮನೆಗೆ ಹೋಗ್ಲಿ. ಸಂಜೆ ಏಳರವರೆಗೆ ಮೈದಾನ ತೆಗೆದಿಡ್ಲಿ, ಬೀಗದ ಕೈ ಇಟ್ಕೊಂಡು ಕಾಯೋಕೆ ನಮ್ಮಂಥ ರಿಟೈರ್ ಆದೋರು ಇದ್ದೀವಿ.

ಆ ಹುಡುಗ ಈಗ ವೀಕ್ಷಣಾಲಯದಲ್ಲಿದಾನೆ, ಅಂದ್ರೆ ವಿಚಾರಣೆ ನಡೆಯೋವಾಗ ಮಕ್ಕಳನ್ನ ಇಡೋ ಜಾಗ. ವಾಪಸ್ ಬಂದ್ಮೇಲೆ ಸೇರಿಸ್ಕೊಳ್ಳಿ ಅಂತ ಶಾಲೇಲಿ ಕೇಳಿದ್ದಕ್ಕೆ ‘ಬೇರೆ ಮಕ್ಳು ಹಾಳಾಗ್ತಾರೆ’ ಅಂದ್ರು. ಇಂಥ ಕೇಸಿನಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಬಾರ್ದು ಅಂತ 2015ರ ಬಾಲನ್ಯಾಯ ಕಾಯ್ದೇಲೇ ಇದೆ. ಅವನಿಗಿನ್ನೂ 15 ವರ್ಷ, ದಯವಿಟ್ಟು ಸೇರಿಸ್ಕೊಳ್ಳಿ.

– ನಿವೃತ್ತ ಶಿಕ್ಷಕಿ, ದಾವಣಗೆರೆ